ಗ್ಲಾಸಾಪ್ಟೆರಿಸ್
ಸುಮಾರು 30ರಿಂದ 25 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಕಾಲದಲ್ಲಿ, ದಕ್ಷಿಣದ ಭೂಖಂಡಗಳಲ್ಲಿ ಹಬ್ಬಿದ್ದ, ಈಗ ಅಳಿದಿರುವ ಮರಗಳ ಕುಲ. ಭಾರತ ಮತ್ತು ಆಸ್ಟ್ರೇಲಿಯಾದಿಂದ ಬಂದ ಎಲೆಯಚ್ಚುಗಳನ್ನು ನೋಡಿ 1828ರಲ್ಲಿ ಫ್ರಾನ್ಸಿನ ಅಡಾಲ್ಫ್ ಬ್ರೋನ್ಯಾರ್ ಇದಕ್ಕೆ ಹೆಸರಿಟ್ಟ. ಗ್ರೀಕಿನಲ್ಲಿ 'ನಾಲಿಗೆ ಜರೀಗಿಡ' ಎಂದರ್ಥ. ಎಲೆ ನಾಲಿಗೆಯಂತಿರುವುದು ನಿಜ, ಜರೀಗಿಡವೆಂಬುದು ತಪ್ಪು.

ಆ ತಪ್ಪು ಬಹುಕಾಲ ಉಳಿಯಿತು. ಸಿಗುತ್ತಿದ್ದುದು ಹೆಚ್ಚಾಗಿ ಉದುರಿದ ಎಲೆಗಳೇ. 1952ರಲ್ಲಿ ದಕ್ಷಿಣ ಆಫ್ರಿಕಾದ ಎಡ್ನಾ ಪ್ಲಮ್‌ಸ್ಟೆಡ್ ಎಲೆಗೆ ಅಂಟಿಕೊಂಡೇ ಇದ್ದ ಸಂತಾನಾಂಗಗಳನ್ನು ವರ್ಣಿಸಿದರು. ಇದು ಬೀಜ ಬಿಡುವ ಮರ ಎಂಬುದು ಈಗ ಸ್ಥಿರಪಟ್ಟಿದೆ.

ಇದರ ಚರಿತ್ರೆಯಲ್ಲಿ ಮನಕಲಕುವ ಘಟ್ಟ ಅಂಟಾರ್ಕ್ಟಿಕದ್ದು. ದಕ್ಷಿಣ ಧ್ರುವದಿಂದ ಮರಳುತ್ತಿದ್ದ ರಾಬರ್ಟ್ ಸ್ಕಾಟ್ ತಂಡ 1912ರ ಫೆಬ್ರುವರಿಯಲ್ಲಿ ಬಿಯರ್ಡ್‌ಮೋರ್ ಹಿಮನದಿಯ ಬಳಿ ಕಲ್ಲುಗಳನ್ನು ಆಯ್ದುಕೊಂಡಿತು. ಹಸಿವು, ಚಳಿಗಳಿಂದ ಕುಸಿಯುತ್ತಿದ್ದರೂ ಆ 16 ಕಿಲೋ ಭಾರವನ್ನು ಅವರು ಎಸೆಯಲಿಲ್ಲ. ನವೆಂಬರಿನಲ್ಲಿ ಶವಗಳ ಜೊತೆಗೇ ಕಲ್ಲುಗಳೂ ಸಿಕ್ಕವು. ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಎಲೆಗಳಿರುವುದನ್ನು ಸಸ್ಯವಿಜ್ಞಾನಿ ಆಲ್ಬರ್ಟ್ ಸೀವರ್ಡ್ 1914ರಲ್ಲಿ ತೋರಿಸಿದ.

ಇದರ ಬೀಜ ಸಾಗರ ದಾಟಿ ಹರಡುವುದು ಕಷ್ಟ. ಆದರೂ ಭಾರತ, ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಗಳಲ್ಲೆಲ್ಲ ಈ ಎಲೆಯಿದೆ. ಇವೆಲ್ಲ ಒಂದೇ ಗೊಂಡ್ವಾನ ಭೂಭಾಗವಾಗಿದ್ದವು ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ. ಅಂಟಾರ್ಕ್ಟಿಕದ ಶಿಲಾಮರಗಳಲ್ಲಿ ವಾರ್ಷಿಕ ಬಳೆಗಳು ಸ್ಪಷ್ಟವಾಗಿವೆ. ತಿಂಗಳುಗಟ್ಟಲೆ ಕತ್ತಲಿರುವ ಅಕ್ಷಾಂಶದಲ್ಲೂ ಆಗ ಕಾಡು ಬೆಳೆಯುತ್ತಿತ್ತು.

ಝರಿಯಾ, ರಾಣಿಗಂಜ್ ಗಣಿಗಳ ಕಲ್ಲಿದ್ದಲಿನ ಬಹುಪಾಲು ಇಂಥ ಕಾಡುಗಳದೇ ಅವಶೇಷ.