ಜ್ವಾಲಾರೋಧಕ ಸೈನಿಕ ಉಡುಪು

ಯುದ್ಧವಲಯದಲ್ಲಿ ಗಸ್ತು ತಿರುಗುವ ಸೈನಿಕರನ್ನು ಸ್ಫೋಟದ ಜ್ವಾಲೆಯಿಂದಲೂ ಹೊತ್ತಿಕೊಂಡ ಇಂಧನದ ಬೆಂಕಿಯಿಂದಲೂ ಕಾಪಾಡುವ ಉಡುಪು. ಅಂಗಿ, ಷರಾಯಿ, ಗುಂಡುನಿರೋಧಕ ಕವಚದ ಕೆಳಗೆ ತೊಡುವ ಹೆಣಿಗೆಯಂಗಿ, ಕೈಗವಸು, ತಲೆ ಮತ್ತು ಕತ್ತನ್ನು ಮುಚ್ಚುವ ಕುಲಾವಿ ಇದರ ಭಾಗಗಳು. ಬೆಂಕಿಯೊಳಗೆ ನಿಂತು ಕೆಲಸಮಾಡಲು ಈ ಉಡುಪು ತಕ್ಕುದಲ್ಲ. ಅದು ಅಗ್ನಿಶಾಮಕ ದಳದವರ ದಪ್ಪ ಪದರುಗಳ ಕೋಟಿನ ಕೆಲಸ. ಉರಿಯುವ ವಾಹನದಿಂದ ಹೊರಬೀಳಲು ಬೇಕಾದ ಮೂರು ನಾಲ್ಕು ಸೆಕೆಂಡುಗಳ ಕಾಲ ಬಟ್ಟೆ ತಾನೇ ಹೊತ್ತಿಕೊಳ್ಳದೆ, ಕರಗದೆ, ಹರಿದು ತೆರೆದುಕೊಳ್ಳದೆ ಉಳಿಯಬೇಕು. ಇದರ ಗುಣಮಟ್ಟವನ್ನು ಅಳೆಯುವುದು ಈ ಸೆಕೆಂಡುಗಳ ಮೇಲೆಯೇ.

ಸುಟ್ಟಗಾಯದ ಸ್ವರೂಪ

ಚರ್ಮದ ಹೊರಪದರದ ತಳದಲ್ಲಿ ಉಷ್ಣತೆ 44 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಜೀವಕೋಶಗಳು ಹಾಳಾಗತೊಡಗುತ್ತವೆ. 50 ಡಿಗ್ರಿಯಲ್ಲಿ ಹಾನಿಯ ವೇಗ 45 ಡಿಗ್ರಿಯಲ್ಲಿದ್ದುದರ ಸುಮಾರು ನೂರು ಪಟ್ಟು. 72 ಡಿಗ್ರಿಯಲ್ಲಿ ಹಾನಿ ಬಹುಮಟ್ಟಿಗೆ ತತ್‌ಕ್ಷಣದ್ದು. ಈ ಲೆಕ್ಕಕ್ಕೆ ಆಧಾರ ಒದಗಿಸಿದವರು ಅಮೆರಿಕದ ನೌಕಾಪಡೆಯ ಪೆನ್ಸಿಲ್ವೇನಿಯಾ ಪ್ರಯೋಗಾಲಯದಲ್ಲಿದ್ದ ಆಲಿಸ್ ಸ್ಟಾಲ್. ಸ್ವಯಂಸೇವಕರ ಮುಂದೋಳಿಗೆ ಮಸಿ ಬಳಿದು, ಅಳೆದ ಶಾಖವನ್ನು ಹಾಯಿಸಿ, ನೋವು ಮತ್ತು ಬೊಬ್ಬೆ ಯಾವಾಗ ಕಾಣಿಸುತ್ತವೆಂದು ಅವರು ದಾಖಲಿಸಿದರು. ಅವರ ಹೆಸರಿನ ರೇಖೆಯೇ ಇಂದಿಗೂ ರಕ್ಷಣಾ ಬಟ್ಟೆಗಳ ಅಳತೆಗೋಲು.

ಯುದ್ಧದಲ್ಲಿ ಹೆಚ್ಚು ಸುಡುವುದು ಕೈ ಮತ್ತು ಮುಖ. ಇರಾಕ್, ಅಫ್ಘಾನಿಸ್ತಾನಗಳಿಂದ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದ ಸೇನಾ ಸುಟ್ಟಗಾಯ ಕೇಂದ್ರಕ್ಕೆ ಬಂದ ಗಾಯಾಳುಗಳಲ್ಲೂ ಇದೇ ಕಂಡಿತು. ದೇಹದ ಒಟ್ಟು ಮೇಲ್ಮೈಯಲ್ಲಿ ಕೈಗಳ ಪಾಲು ಸಣ್ಣದು. ಆದರೆ ಸುಟ್ಟ ಬೆರಳು ಮಡಚಲಾರದು. ಸೈನಿಕನ ಮುಂದಿನ ಬದುಕನ್ನೇ ಅದು ಬದಲಿಸುತ್ತದೆ. ಈ ಕಾರಣದಿಂದ ಕೈಗವಸನ್ನು ಉಡುಪಿನ ಮುಖ್ಯ ಭಾಗವೆಂದೇ ಎಣಿಸಬೇಕು.

ಹಿನ್ನೆಲೆ

ಬಟ್ಟೆಗೆ ಬೆಂಕಿ ತಗಲದಂತೆ ಲವಣ ಊಡಿಸುವ ಪ್ರಯತ್ನ ಹಳೆಯದು. ಪಟಿಕ, ಬೊರಾಕ್ಸ್ ಮತ್ತು ಕಬ್ಬಿಣದ ಸಲ್ಫೇಟ್ ಬಳಸುವ ವಿಧಾನಕ್ಕೆ 1735ರಲ್ಲಿ ಇಂಗ್ಲೆಂಡಿನ ಒಬಡಾಯ ವೈಲ್ಡ್ ಪೇಟೆಂಟ್ ಪಡೆದ. ಫ್ರಾನ್ಸಿನ ದೊರೆ 18ನೆಯ ಲೂಯಿಯ ಕಾಲದಲ್ಲಿ, ನಾಟಕಶಾಲೆಗಳ ಪರದೆಗಳನ್ನು ಬೆಂಕಿಯಿಂದ ಉಳಿಸುವ ಉದ್ದೇಶದಿಂದ ರಸಾಯನವಿಜ್ಞಾನಿ ಗೇ-ಲ್ಯುಸಾಕ್ ಅಮೋನಿಯಂ ಲವಣಗಳನ್ನು ಪರೀಕ್ಷಿಸಿ 1821ರಲ್ಲಿ ಫಲಿತಾಂಶ ಪ್ರಕಟಿಸಿದ. ಇಂಥ ಲವಣಗಳೆಲ್ಲ ಒಗೆದರೆ ಹೋಗಿಬಿಡುತ್ತಿದ್ದವು. ಒಗೆತ ತಾಳುವ ರಂಜಕದ ಲೇಪಗಳು ಹತ್ತಿಗೆ ಸಿಕ್ಕಿದ್ದು 1950ರ ದಶಕದಲ್ಲಿ.

ನಾರಿನ ಸ್ವಭಾವವೇ ಬೆಂಕಿಗೆ ಎದುರಾಗಿರುವ ನೊಮೆಕ್ಸ್ ಎಂಬ ಮೆಟಾ-ಅರಾಮಿಡ್ ನಾರನ್ನು ಡ್ಯುಪಾಂಟ್ ಕಂಪನಿ 1967ರಲ್ಲಿ ಮಾರುಕಟ್ಟೆಗೆ ತಂದಿತು. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರ್ ಸಿಬ್ಬಂದಿಗೆ ಅದರ ಉಡುಪು ದೊರೆಯಿತು. 1973ರ ಅರಬ್-ಇಸ್ರೇಲ್ ಯುದ್ಧದಲ್ಲಿ ಟ್ಯಾಂಕ್ ಸಿಬ್ಬಂದಿ ಸುಟ್ಟುಕೊಂಡದ್ದನ್ನು ಕಂಡ ಇಸ್ರೇಲ್ ಅವರಿಗೂ ಅಂಥ ಉಡುಪು ಒದಗಿಸಿತು; 1982ರ ಲೆಬನಾನ್ ಯುದ್ಧದ ವೈದ್ಯಕೀಯ ವರದಿಗಳು ಅದರಿಂದ ಪ್ರಯೋಜನವಾದುದನ್ನು ಸೂಚಿಸುತ್ತವೆ. ಸ್ವಯಂಚಾಲಿತ ಅಗ್ನಿಶಾಮಕ ಯಂತ್ರಗಳೂ ಆ ಹೊತ್ತಿಗೆ ಬಂದಿದ್ದರಿಂದ ಶ್ರೇಯಸ್ಸೆಲ್ಲ ಬಟ್ಟೆಯದೇ ಎನ್ನಲಾಗದು. ವಿಮಾನದವರಿಗೆ, ಟ್ಯಾಂಕಿನವರಿಗೆ ಈ ರಕ್ಷಣೆ ದಶಕಗಳ ಹಿಂದೆಯೇ ಸಿಕ್ಕರೂ ಕಾಲ್ದಳದ ಸಿಪಾಯಿಯ ಸರದಿ ಬರಲು 21ನೆಯ ಶತಮಾನವೇ ಬೇಕಾಯಿತು.

ಇರಾಕ್ ಯುದ್ಧದ ತಿರುವು

ಇರಾಕಿನಲ್ಲಿ ರಸ್ತೆಬದಿಯ ಬಾಂಬು ವಾಹನದ ಇಂಧನವನ್ನು ಹೊತ್ತಿಸುತ್ತಿತ್ತು. ಅಮೆರಿಕದ ಸಾಮಾನ್ಯ ಸಮರ ಸಮವಸ್ತ್ರದಲ್ಲಿ ಅರ್ಧ ನೈಲಾನ್, ಅರ್ಧ ಹತ್ತಿ. ಅದರೊಳಗೆ ಅನೇಕರು ಬೆವರು ಬೇಗ ಆರುವ ಪಾಲಿಯೆಸ್ಟರ್ ಕ್ರೀಡಾ ಬನಿಯನ್ ತೊಡುತ್ತಿದ್ದರು. ಪಾಲಿಯೆಸ್ಟರ್ ಮತ್ತು ನೈಲಾನ್ 66 ಎರಡೂ ಸುಮಾರು 260 ಡಿಗ್ರಿಯಲ್ಲಿ ಕರಗುತ್ತವೆ. ಕರಗಿದ ದ್ರವ ಚರ್ಮಕ್ಕಂಟಿ, ಅಲ್ಲೇ ಗಟ್ಟಿಯಾಗಿ, ಜ್ವಾಲೆ ಆರಿದ ಮೇಲೂ ಸುಡುತ್ತಿರುತ್ತದೆ. ಅದನ್ನು ಬಿಡಿಸಲು ಹೋದರೆ ಚರ್ಮವೂ ಜೊತೆಗೆ ಬರುತ್ತದೆ. 2006ರ ಏಪ್ರಿಲ್‌ನಲ್ಲಿ ಅಲ್ಲಿದ್ದ ಅಮೆರಿಕದ ಮರೀನ್ ಪಡೆ ಶಿಬಿರದ ಹೊರಗಿನ ಕಾರ್ಯಾಚರಣೆಗಳಲ್ಲಿ ಇಂಥ ಬನಿಯನ್ನುಗಳನ್ನು ನಿಷೇಧಿಸಿತು. ಹೊಸ ಉಡುಪು ಬರುವ ಮುನ್ನ ಬಂದ ಈ ಸರಳ ಆಜ್ಞೆಯನ್ನು ಈ ಇತಿಹಾಸದ ಮುಖ್ಯ ಘಟ್ಟಗಳಲ್ಲಿ ಒಂದೆಂದು ಪರಿಗಣಿಸುವುದು ಸರಿ; ಬೆಂಕಿಯ ಹಾನಿಯನ್ನು ಹೆಚ್ಚಿಸುವ ಬಟ್ಟೆಯನ್ನು ಮೈಯಿಂದ ತೆಗೆಸಿದ್ದೇ ಮೊದಲ ರಕ್ಷಣೆ.

ಆರಂಭದಲ್ಲಿ ವಾಹನಗಳ ಸಿಬ್ಬಂದಿಗೆ ವೈಮಾನಿಕರ ನೊಮೆಕ್ಸ್ ಕವರಾಲ್‌ಗಳನ್ನೇ ಹಂಚಲಾಯಿತು. 2007ರಲ್ಲಿ ಮರೀನರಿಗೆ ‘ಫ್ರಾಗ್’ ಎಂಬ ಸಂಕ್ಷಿಪ್ತ ನಾಮದ ಪೂರ್ಣ ಜೋಡಿ ಬಂತು. ಭೂಸೇನೆಗೆ ಜ್ವಾಲಾರೋಧಕ ಸಮರ ಸಮವಸ್ತ್ರವೂ ‘ಸಮರ ಅಂಗಿ’ಯೂ ಬಂದವು. ಈ ಅಂಗಿಯ ಮುಂಡ ಭಾಗ ತೆಳು ಹೆಣಿಗೆಯದು, ಏಕೆಂದರೆ ಅಲ್ಲಿ ಹೇಗೂ ಕವಚವಿರುತ್ತದೆ. ತೋಳುಗಳು ಮಾತ್ರ ಗಟ್ಟಿ ನೇಯ್ಗೆಯವು.

ನಾರುಗಳು ಮತ್ತು ಮಿಶ್ರಣ

ಯಾವ ನಾರು ಎಷ್ಟು ಸುಲಭವಾಗಿ ಉರಿಯುತ್ತದೆಂಬುದನ್ನು ಆಮ್ಲಜನಕ ಮಿತಿ ಸೂಚ್ಯಂಕ ತಿಳಿಸುತ್ತದೆ. ಉರಿ ನಿಲ್ಲದಿರಲು ಸುತ್ತಲಿನ ಅನಿಲದಲ್ಲಿ ಇರಬೇಕಾದ ಆಮ್ಲಜನಕದ ಕನಿಷ್ಠ ಶೇಕಡ ಪ್ರಮಾಣ ಅದು. ಗಾಳಿಯಲ್ಲಿ ಆಮ್ಲಜನಕ ಶೇ. 21. ಹತ್ತಿಯ ಸೂಚ್ಯಂಕ ಸುಮಾರು 18, ಆದ್ದರಿಂದ ಅದು ಧಾರಾಳವಾಗಿ ಉರಿಯುತ್ತದೆ. ಉಣ್ಣೆಯದು 25, ನೊಮೆಕ್ಸಿನದು 28ರಿಂದ 30, ಪಾಲಿಬೆಂಜಿಮಿಡಜೋಲ್ ಎಂಬ ಕೃತಕ ನಾರಿನದು 40ರ ಆಸುಪಾಸು. ಈ ಅಂಕಿಯನ್ನಷ್ಟೇ ನೋಡಿ ಬಟ್ಟೆ ಆರಿಸಿದರೆ ತಪ್ಪಾಗುತ್ತದೆ. 45 ಡಿಗ್ರಿ ಬಿಸಿಲಲ್ಲಿ ಕವಚ, ಮದ್ದುಗುಂಡು, ನೀರು ಹೊತ್ತು ನಡೆಯುವವನಿಗೆ ಬೆವರು ಹೀರುವ ಬಟ್ಟೆ ಬೇಕು. ಸೆಕೆ ತಾಳದೆ ತೋಳು ಮಡಚಿದ ಸೈನಿಕನಿಗೆ ಎಷ್ಟೇ ಉತ್ತಮ ನಾರೂ ರಕ್ಷಣೆ ಕೊಡಲಾರದು.

ಅಮೆರಿಕದ ಭೂಸೇನೆಗೆ ಟೆನ್‌ಕೇಟ್ ಕಂಪನಿ ನೇಯ್ದ ‘ಡಿಫೆಂಡರ್ ಎಂ’ ಈ ಇಕ್ಕಟ್ಟಿಗೆ ಸಿಕ್ಕ ಉತ್ತರ. ಅದರಲ್ಲಿ ಶೇ. 65 ಜ್ವಾಲಾರೋಧಕ ರೇಯಾನ್, ಶೇ. 25 ಪ್ಯಾರಾ-ಅರಾಮಿಡ್, ಶೇ. 10 ನೈಲಾನ್. ರೇಯಾನ್ ಮರದ ತಿರುಳಿನ ಸೆಲ್ಯುಲೋಸ್. ಹತ್ತಿಗಿಂತಲೂ ಹೆಚ್ಚು ತೇವ ಹೀರುತ್ತದೆ. ನಾರು ಎಳೆಯುವ ಮೊದಲೇ ವಿಸ್ಕೋಸ್ ದ್ರಾವಣಕ್ಕೆ ರಂಜಕ ಮತ್ತು ಗಂಧಕ ಇರುವ ಸಂಯುಕ್ತವನ್ನು ಬೆರೆಸುತ್ತಾರೆ. ಅದು ಎಳೆಯ ಉದ್ದಕ್ಕೂ ಒಳಗೇ ಹರಡಿಕೊಳ್ಳುವುದರಿಂದ ಒಗೆತಕ್ಕೆ ಹೋಗುವುದಿಲ್ಲ. ಸಾಮಾನ್ಯ ಸೆಲ್ಯುಲೋಸ್ ಬಿಸಿಯಾದಾಗ ಒಡೆದು ಉರಿಯುವ ಅನಿಲಗಳಾಗುತ್ತದೆ, ಜ್ವಾಲೆಯನ್ನು ಬೆಳೆಸುವುದು ಅವೇ. ರಂಜಕವಿದ್ದರೆ ಬಿಸಿಯಲ್ಲಿ ಆಮ್ಲ ಹುಟ್ಟಿ, ಸೆಲ್ಯುಲೋಸಿನಿಂದ ನೀರಿನಂಶವನ್ನು ಹೊರದೂಡಿ, ಇಂಗಾಲವನ್ನು ಕರಿಪದರವಾಗಿ ಅಲ್ಲೇ ಉಳಿಸುತ್ತದೆ. ಆ ಕರಿಪದರ ಪುಡಿಪುಡಿಯಾಗುವಂಥದ್ದು. ಒಂಟಿಯಾಗಿದ್ದರೆ ಮೈ ಆಡಿಸಿದೊಡನೆ ಬಿರಿಯುತ್ತದೆ. ಪ್ಯಾರಾ-ಅರಾಮಿಡ್ ಎಳೆಗಳು ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳಂತೆ ಅದನ್ನು ಹಿಡಿದಿಡುತ್ತವೆ. ಸವೆತ ತಾಳಲೆಂದು ನೈಲಾನ್ ಸೇರಿಸಿದ್ದು. ಅದು ಕರಗುವ ನಾರೇ, ಆದರೆ ಅದರ ಪಾಲು ಕಡಿಮೆಯಾದ್ದರಿಂದ ಕರಗಿದ್ದು ಹನಿಯದೆ ಸುತ್ತಲಿನ ಕರಿಯಲ್ಲೇ ಹೀರಿಹೋಗುತ್ತದೆ.

ಈ ರೇಯಾನಿಗೆ ಆಧಾರ ಆಸ್ಟ್ರಿಯಾದ ಲೆನ್ಸಿಂಗ್ ಕಂಪನಿ. ಸೇನೆಯ ಬಟ್ಟೆ ನಾರಿನಿಂದ ಹೊಲಿಗೆಯವರೆಗೆ ಸ್ವದೇಶದ್ದೇ ಆಗಿರಬೇಕೆಂಬ, 1941ರಿಂದ ಇರುವ ಬೆರಿ ತಿದ್ದುಪಡಿ ಅಮೆರಿಕದಲ್ಲಿದೆ. ಆದ್ದರಿಂದ ಇಂಥ ರೇಯಾನಿಗೆ 2008ರ ರಕ್ಷಣಾ ಕಾಯಿದೆಯಲ್ಲಿ ವಿನಾಯಿತಿ ಕೊಡಬೇಕಾಯಿತು. ಒಂದೇ ದೇಶದ ನಾರನ್ನು ನೆಚ್ಚುವ ಅಪಾಯವನ್ನು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ 2011ರಲ್ಲಿ ಪರಿಶೀಲಿಸಿತು. ನಮ್ಮಲ್ಲಿ ಹರಿಹರದ ಬಳಿ ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ ತಯಾರಾಗುವ ವಿಸ್ಕೋಸ್ ನಾರು ಇದೇ ಕುಲದ್ದು. ಅದು ಉಡುಪಿನ ಸಾಮಾನ್ಯ ನಾರು. ಜ್ವಾಲಾರೋಧಕವಾಗಲು ದ್ರಾವಣಕ್ಕೆ ರಂಜಕದ ಸಂಯುಕ್ತ ಸೇರಬೇಕು.

ಡಿಫೆಂಡರ್ ಎಂ ಬಟ್ಟೆಯ ದೌರ್ಬಲ್ಯ ಬಾಳಿಕೆ. ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಕಲ್ಲುಬಂಡೆಗಳ ನಡುವೆ ಷರಾಯಿಗಳು ಬೇಗ ಹರಿದವು. ಬೆಲೆಯೂ ಹೆಚ್ಚು. ಹೀಗಾಗಿ ಇದನ್ನು ಎಲ್ಲರ ದಿನನಿತ್ಯದ ಸಮವಸ್ತ್ರವಾಗಿಸದೆ, ಮುಖ್ಯವಾಗಿ ಯುದ್ಧವಲಯಕ್ಕೆ ಹೊರಟವರಿಗೆ ಕೊಡುವ ಪದ್ಧತಿ ಬೆಳೆಯಿತು.

ಪರೀಕ್ಷೆ

ಬಟ್ಟೆಯ ಪಟ್ಟಿಯನ್ನು ನೇತುಹಾಕಿ ಕೆಳಗಿನಿಂದ 12 ಸೆಕೆಂಡು ಜ್ವಾಲೆ ಹಿಡಿದು, ಆಮೇಲೆ ಎಷ್ಟು ಹೊತ್ತು ಉರಿಯಿತು, ಎಷ್ಟು ಉದ್ದ ಕರಿಯಾಯಿತೆಂದು ನೋಡುವುದು ಮೊದಲ ಹಂತ. ಪೂರ್ಣ ಉಡುಪನ್ನು ನೂರಕ್ಕೂ ಹೆಚ್ಚು ಸಂವೇದಕಗಳಿರುವ ಮಾನವಾಕೃತಿಗೆ ತೊಡಿಸಿ, ಚದರ ಮೀಟರಿಗೆ 84 ಕಿಲೋವ್ಯಾಟ್ ಶಾಖದ ಜ್ವಾಲೆಯಲ್ಲಿ ಕೆಲವು ಸೆಕೆಂಡು ಇಡುವುದು ಎರಡನೆಯದು. ಬೊಂಬೆ ಓಡುವುದಿಲ್ಲ, ಬೆವರುವುದಿಲ್ಲ. ಬಟ್ಟೆಗಳನ್ನು ಪರಸ್ಪರ ಹೋಲಿಸಲು ಈ ಪರೀಕ್ಷೆ ಉಪಯುಕ್ತ, ಯುದ್ಧದ ಗಾಯವನ್ನು ಮುನ್ನುಡಿಯಲು ಅಷ್ಟಾಗಿ ಅಲ್ಲ.

ಬಳಕೆ

ಒಗೆಯುವಾಗ ಕ್ಲೋರಿನ್ ಬ್ಲೀಚ್, ಗಂಜಿ ಎರಡೂ ವರ್ಜ್ಯ. ಬಟ್ಟೆ ಮೃದುಗೊಳಿಸುವ ದ್ರವಗಳು ಉರಿಯುವ ಪದರವನ್ನು ಬಿಡುತ್ತವೆ. ಡೀಸೆಲ್, ಗ್ರೀಸ್ ಹೀರಿದ ಉಡುಪು ಯಾವ ನಾರಿನದಾದರೂ ಉರಿಯುತ್ತದೆ. ಒಳಉಡುಪು ಹತ್ತಿಯದು ಅಥವಾ ಜ್ವಾಲಾರೋಧಕವೇ ಆಗಿರಬೇಕು. ತೋಳು ಇಳಿಸಿ, ಕತ್ತಿನ ಗುಂಡಿ ಹಾಕಿ, ಕೈಗವಸು ತೊಟ್ಟಾಗ ಮಾತ್ರ ರಕ್ಷಣೆ ಪೂರ್ಣ.

ಭಾರತದಲ್ಲಿ

ರಕ್ಷಣಾ ಉಡುಪುಗಳ ಸಂಶೋಧನೆ ಡಿಆರ್‌ಡಿಒ ಸಂಸ್ಥೆಯ ಕಾನ್ಪುರ ಮತ್ತು ದೆಹಲಿ ಪ್ರಯೋಗಾಲಯಗಳಲ್ಲಿ ನಡೆಯುತ್ತದೆ. ಅದರದೇ ಬೆಂಗಳೂರಿನ ಪ್ರಯೋಗಾಲಯ ಡೆಬೆಲ್ ವೈಮಾನಿಕರ ಉಡುಪು ಮತ್ತು ಉಪಕರಣಗಳ ಮೇಲೆ ಕೆಲಸ ಮಾಡುತ್ತದೆ. ಭೂಸೇನೆ 2022ರ ಜನವರಿ 15ರಂದು ಅನಾವರಣಗೊಳಿಸಿದ ಹೊಸ ಸಮರ ಸಮವಸ್ತ್ರದ ಬಟ್ಟೆಯಲ್ಲಿ ಹತ್ತಿ ಶೇ. 70, ಪಾಲಿಯೆಸ್ಟರ್ ಶೇ. 30. ಹಗುರತೆ, ಬೇಗ ಆರುವ ಗುಣ, ಬಾಳಿಕೆಗಳ ದೃಷ್ಟಿಯಿಂದ ಈ ಮಿಶ್ರಣ ಅನುಕೂಲಕರ. ಜ್ವಾಲಾರೋಧಕ ಉಡುಪುಗಳ ಸಾಲಿಗೆ ಅದು ಸೇರುವುದಿಲ್ಲ.