ಮನೆ ಮಾರುವ ಮುನ್ನ ಏಸಿ: ರಿಪೇರಿಯೋ, ಹೊಸದೋ?

ಗಲ್ಫ್‌ನಲ್ಲಿ ಏಸಿ ಬೇಕಿರುವುದು ತಂಪಿಗೆ. ನ್ಯೂಜಿಲೆಂಡ್‌ನ ಆಕ್ಲೆಂಡ್ ನಗರದ ಹೆಂಡರ್ಸನ್‌ನಲ್ಲಿ ಅದು ಹೆಚ್ಚಾಗಿ ಚಳಿಗಾಲದ ಬಿಸಿಗೆ. ಅಲ್ಲಿನವರು ಹೀಟ್ ಪಂಪ್ ಅಂತಾರೆ.

ಅಲ್ಲಿ ಸಾಮಾನ್ಯವಾಗಿ ಬಳಸುವ ಮಾರಾಟ ಕರಾರಿನ ಪ್ರಕಾರ, ಮನೆ ಹಸ್ತಾಂತರದ ದಿನ ಹೀಟ್ ಪಂಪ್ ಕೆಲಸ ಮಾಡುತ್ತಿರಬೇಕು. ಇಲ್ಲದಿದ್ದರೆ ಕೊಂಡವರು ಪರಿಹಾರ ಕೇಳಬಹುದು. ಹಳೆಯದಾದರೂ ಪರವಾಗಿಲ್ಲ, ಸರಿಯಾಗಿ ಓಡಿದರೆ ಸಾಕು.

ಮೊದಲು ಸರ್ವಿಸ್ ಮಾಡಿಸಿ, ರಿಪೇರಿ ಮತ್ತು ಹೊಸದು ಎರಡಕ್ಕೂ ಕೊಟೇಶನ್ ಪಡೆಯಬೇಕು. ಫಿಲ್ಟರ್, ಡ್ರೈನ್ ಪೈಪ್ ತೊಂದರೆಗೆ ರಿಪೇರಿ ಸಾಕು. ಆರ್-22 ಗ್ಯಾಸಿನ ಹಳೇ ಯಂತ್ರ ಸೋರುತ್ತಿದ್ದರೆ ಬದಲಿಸುವುದೇ ಮೇಲು. ಆ ಗ್ಯಾಸಿನ ಆಮದು ಅಲ್ಲಿ 2015ರಿಂದ ನಿಂತಿದೆ.

ಬಾಡಿಗೆಗೆ ಕೊಡಲು ಕೊಳ್ಳುವವರೂ ಇದನ್ನೇ ನೋಡುತ್ತಾರೆ: ಬಾಡಿಗೆ ಮನೆಯ ಮುಖ್ಯ ಕೋಣೆಯನ್ನು 18 ಡಿಗ್ರಿಗೆ ಬಿಸಿಮಾಡುವ ಸ್ಥಿರ ಹೀಟರ್ ಅಲ್ಲಿ ಕಡ್ಡಾಯ.

ಎರಡೂ ಬೇಡವಾದರೆ, ‘ಕೆಲಸ ಮಾಡುತ್ತಿಲ್ಲ’ ಅಂತ ಸಹಿಗೆ ಮುಂಚೆಯೇ ವಕೀಲರಿಂದ ಕರಾರಿನಲ್ಲಿ ಬರೆಸಿ, ಬೆಲೆಯಲ್ಲಿ ಸ್ವಲ್ಪ ಬಿಡಬಹುದು. ಮುಚ್ಚಿಟ್ಟರೆ ಆಮೇಲೆ ಖರ್ಚು ಜಾಸ್ತಿ.