ಒಂಟೆಯ ಸಾಲು ಮತ್ತು ಕಬ್ಬಿನ ಟ್ರೇಲರ್

ರಸ್ತೆಯ ತಿರುವಿನಲ್ಲಿ ದಾರಿಹೋಕರು ವಾಹನಕ್ಕೆ ಸಿಕ್ಕಿ ಸಾಯುವುದು ಮೋಟಾರು ಯುಗದ ಸಮಸ್ಯೆಯೆಂದು ನಾವು ತಿಳಿದಿದ್ದೇವೆ. ಆದರೆ ದಾರಿಹೋಕನ ಜೀವಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಮೋಟಾರಿಗಿಂತ ಬಹಳ ಹಳೆಯದು. ಮಧ್ಯ ಏಷ್ಯಾದ ಫರ್ಗಾನಾ ಪ್ರದೇಶದ ವಿದ್ವಾಂಸ ಬುರ್ಹಾನುದ್ದೀನ್ ಮರ್ಗೀನಾನಿ (ನಿಧನ 1197) ರಚಿಸಿದ 'ಹಿದಾಯ' ಎಂಬ ಹನಫೀ ಕಾನೂನು ಗ್ರಂಥದಲ್ಲಿ ಈ ಚರ್ಚೆಯಿದೆ. ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ, 1791ರಲ್ಲಿ, ಚಾರ್ಲ್ಸ್ ಹ್ಯಾಮಿಲ್ಟನ್ ಇದನ್ನು ಇಂಗ್ಲಿಷಿಗೆ ತಂದರು.

ಹಿದಾಯ ಹೇಳುವ ಮೂಲತತ್ವ ಸರಳವಾದುದು. ಸಾರ್ವಜನಿಕ ದಾರಿಯಲ್ಲಿ ಸಾಗಲು ಎಲ್ಲರಿಗೂ ಅನುಮತಿಯಿದೆ. ಆದರೆ ತಪ್ಪಿಸಲು ಸಾಧ್ಯವಿರುವ ಹಾನಿಯನ್ನು ತಪ್ಪಿಸಬೇಕೆಂಬ ಷರತ್ತೂ ಇದೆ. ಪ್ರಾಣಿ ಯಾರನ್ನಾದರೂ ತುಳಿದರೆ ಸವಾರ ಪರಿಹಾರ ಕೊಡಬೇಕು. ನಡೆಯುತ್ತಿರುವಾಗ ಅದು ಹಿಂಗಾಲಿನಿಂದ ಒದ್ದರೆ ಅವನಿಗೆ ವಿನಾಯಿತಿಯುಂಟು. ದಾರಿಯಲ್ಲಿ ನಿಲ್ಲಿಸಿಕೊಂಡಿದ್ದಾಗ ಒದ್ದರೆ ಆ ವಿನಾಯಿತಿಯೂ ಇಲ್ಲ. ಒಂದಕ್ಕೊಂದು ಕಟ್ಟಿದ ಒಂಟೆಗಳ ಸಾಲನ್ನು ಮುಂದೆ ನಿಂತು ನಡೆಸುವವನು ಇಡೀ ಸಾಲು ತುಳಿದುದಕ್ಕೆ ಹೊಣೆಗಾರ. ಹಿಂದಿನಿಂದ ಅಟ್ಟುವವನೊಬ್ಬನಿದ್ದರೆ ಹೊಣೆ ಇಬ್ಬರ ಮೇಲೂ ಬೀಳುತ್ತದೆ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಯ ರಸ್ತೆಗಳಲ್ಲಿ ಕಬ್ಬಿನ ಹಂಗಾಮಿನಲ್ಲಿ ನಿಂತು ನೋಡಿದವರಿಗೆ ಈ ಒಂಟೆಸಾಲು ಅಪರಿಚಿತವೆನಿಸದು. ಘಟಪ್ರಭಾ ನದಿಗೆ 1897ರಲ್ಲಿ ಧೂಪದಾಳದ ಒಡ್ಡು, 1977ರಲ್ಲಿ ಹಿಡಕಲ್ ಜಲಾಶಯ ಬಂದವು. ನೀರಿನ ಬೆನ್ನಿಗೆ ಕಬ್ಬು ಬಂತು, ಕಬ್ಬಿನ ಬೆನ್ನಿಗೆ ಸಂಕೇಶ್ವರದ ಹಿರಣ್ಯಕೇಶಿಯಂತಹ ಸಕ್ಕರೆ ಕಾರ್ಖಾನೆಗಳು ಬಂದವು. ಚಕ್ಕಡಿ ಹೊರುತ್ತಿದ್ದ ಹೊರೆ ಟ್ರ್ಯಾಕ್ಟರಿಗೆ ಬಂತು. ಈಗ ಒಂದು ಎಂಜಿನ್ನಿನ ಹಿಂದೆ ಎರಡು ಟ್ರೇಲರುಗಳು ಸಾಗುತ್ತವೆ.

ಚಕ್ಕಡಿಗಿದ್ದುದು ಎರಡೇ ಗಾಲಿ. ಅವು ಹೊಡೆಯುವವನ ಪಕ್ಕದಲ್ಲೇ ಉರುಳುತ್ತಿದ್ದವು. ಟ್ರೇಲರಿನ ಗಾಲಿಗಳು ಹಾಗಲ್ಲ. ತಿರುವಿನಲ್ಲಿ ಅವು ಎಂಜಿನ್ನಿನ ಜಾಡನ್ನು ಬಿಟ್ಟು ಒಳಮಗ್ಗುಲಿಗೆ ಸರಿಯುತ್ತವೆ. ಎಡಕ್ಕೆ ತಿರುಗುವಾಗ ಎಂಜಿನ್ ಮುಂದೆ ಹೋಯಿತೆಂದು ರಸ್ತೆಯಂಚಿನಲ್ಲಿ ನಿಂತ ಸೈಕಲ್ ಸವಾರನ ಜಾಗವನ್ನು ಹಿಂದಿನ ಟ್ರೇಲರ್ ಮೆಲ್ಲನೆ ನುಂಗಿಬಿಡುತ್ತದೆ. ಹೇರಿದ ಕಬ್ಬಿನ ಮರೆಯಲ್ಲಿ ಚಾಲಕನಿಗೆ ಅದು ಕಾಣುವುದಿಲ್ಲ, ಎಂಜಿನ್ನಿನ ಸದ್ದಿನಲ್ಲಿ ಕೂಗು ಕೇಳುವುದಿಲ್ಲ. 2006-07ರಲ್ಲಿ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿತು. ಶಾಲೆಯ ದಾರಿ ಸುಲಭವಾಯಿತು; ಆದರೆ ಆ ಮಕ್ಕಳು ಇಳಿದದ್ದು ಇದೇ ರಸ್ತೆಗೆ.

ಕಾನೂನು ಇಲ್ಲವೆಂದಲ್ಲ. ಅಡ್ಡರಸ್ತೆ, ತಿರುವು ಸಮೀಪಿಸಿದಾಗ ವೇಗ ತಗ್ಗಿಸಬೇಕು, ಅಲ್ಲಿರುವವರಿಗೆ ಅಪಾಯವಿಲ್ಲವೆಂದು ಖಚಿತವಾಗುವವರೆಗೆ ಪ್ರವೇಶಿಸಬಾರದು ಎಂದು 1989ರ ರಸ್ತೆ ನಿಯಮಾವಳಿ ಸ್ಪಷ್ಟಪಡಿಸಿತ್ತು. ಅದರ ಬದಲಿಗೆ 2017ರಲ್ಲಿ ಬಂದ ಚಾಲನಾ ನಿಯಮಾವಳಿಯು, ಸಿಗ್ನಲ್ ಇಲ್ಲದ ಪಾದಚಾರಿ ದಾಟುಗಳಲ್ಲಿ ವಾಹನ ನಿಲ್ಲಿಸಿ ದಾರಿ ಬಿಡಬೇಕೆನ್ನುತ್ತದೆ. ಆದರೂ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳು.

ಇಂತಹ ಸಾವಿನ ಮನೆಯಲ್ಲಿ ಕೇಳಿಬರುವ ಮಾತು ಒಂದೇ: ಹಣೆಬರಹ, ತಕ್ದೀರ್. ಸಾವು ಅಲ್ಲಾಹನ ವಿಧಿಯೆಂಬುದು ನಮ್ಮ ವಿಶ್ವಾಸ. ಅದನ್ನೇ ವಿಶ್ವಾಸವಿಟ್ಟಿದ್ದ ಫಿಕ್ಹ್ ಪಂಡಿತರು ಒಂಟೆ ನಡೆಸುವವನನ್ನು ಹೊಣೆಯಿಂದ ಬಿಡಲಿಲ್ಲ. ತಕ್ದೀರ್ ಎಂಬ ಪದ ಮೃತರ ಮನೆಯವರಿಗೆ ಸಾಂತ್ವನವಾಗಲಿ. ಅದು ಚಾಲಕನಿಗೆ, ಮಾಲಿಕನಿಗೆ, ಕಾರ್ಖಾನೆಗೆ ರಕ್ಷಾಪತ್ರವಾಗಬಾರದು.

ಮಾಡಬೇಕಾದುದು ದೊಡ್ಡದೇನಲ್ಲ. ಟ್ರೇಲರಿನ ಬದಿಗಳಲ್ಲಿ ಗಾಲಿಯೆದುರು ಅಡ್ಡಕಂಬಿ, ಹಿಂದೆ ಹೊಳೆಯುವ ಕೆಂಪು ಪಟ್ಟಿ ಇರಲಿ. ಊರೊಳಗಿನ ತಿರುವುಗಳಲ್ಲಿ ಸಹಾಯಕನೊಬ್ಬ ಇಳಿದು ಎಡಬದಿಯನ್ನು ನೋಡಿಕೊಳ್ಳಲಿ. ಇವಿಲ್ಲದ ಗಾಡಿಯನ್ನು ಕಾರ್ಖಾನೆಯವರು ಕಾಟಾಕ್ಕೆ ಬಿಡದಿರಲಿ. ನೋಟ ಮರೆಮಾಡುವಂತೆ ಮೂಲೆಯಲ್ಲಿ ವಾಹನ ನಿಲ್ಲಿಸುವುದನ್ನು ಪುರಸಭೆಗಳು ತಡೆಯಲಿ. ತಿರುಗುವ ಗಾಡಿಯ ಎಡಮಗ್ಗುಲಲ್ಲಿ ನಿಲ್ಲಬಾರದೆಂದು ಶಾಲೆಗಳಲ್ಲೂ ಮದ್ರಸಗಳಲ್ಲೂ ಮಕ್ಕಳಿಗೆ ಕಲಿಸೋಣ.

ದಾರಿಯಲ್ಲಿರುವ ತೊಂದರೆಯ ವಸ್ತುವನ್ನು ತೆಗೆದುಹಾಕುವುದು ಈಮಾನಿನ ಒಂದು ಶಾಖೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ದಾರಿಗೆ ಬಿದ್ದ ಮುಳ್ಳನ್ನು ಎತ್ತುವುದು ಪುಣ್ಯವಾದರೆ, ತಾನು ಎಳೆದೊಯ್ಯುವ ಕೊನೆಯ ಗಾಲಿಯವರೆಗೂ ಕಣ್ಣಿಡುವುದು ಅದಕ್ಕಿಂತ ಮೊದಲಿನ ಕರ್ತವ್ಯ.